ಮಂದರೆಂದು ಕರೆಯುವ ನಾಲಿಗೆ

ಮನುಷ್ಯನಿಗೆ ಮಾತು ಒಂದು ದೊಡ್ಡ ವರ. ಆ ವರವನ್ನೇ ಹಿಡಿದು ನಾವು ಇನ್ನೊಬ್ಬರ ಬಾಳಿಗೆ ಶಾಪ ಕೊಡುವುದೂ ಉಂಟು. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಗುವೊಂದು ಮನೆಯಲ್ಲಿ ಹುಟ್ಟಿತೆನ್ನಿ. ತೊಟ್ಟಿಲಲ್ಲಿಟ್ಟು ತಾಯಿ ಕರೆದ ಹೆಸರು ಒಂದು, ಊರು ಕರೆಯುವ ಹೆಸರು ಇನ್ನೊಂದು. ಪೆದ್ದ, ಮಂಕ, ಮಳ್ಳ, ಅರೆಬುದ್ಧಿ ಎಂಬಿವೇ ಅದರ ಹೆಸರುಗಳಾಗುತ್ತವೆ. ನೆಂಟರು ಬಂದರೆ ಆ ಮಗುವನ್ನು ಒಳಮನೆಗೆ ಕಳಿಸುವುದು, ಅಕ್ಕತಂಗಿಯರ ಸಂಬಂಧ ಕುದುರುವವರೆಗೆ ಸುದ್ದಿ ಹೊರಬೀಳದಂತೆ ನೋಡಿಕೊಳ್ಳುವುದು, ಇವೆಲ್ಲ ನಮ್ಮ ಹಳ್ಳಿ ಪಟ್ಟಣಗಳೆರಡರಲ್ಲೂ ನಡೆದುಬಂದದ್ದೇ.

ಇದು ಬಡವರ, ಅಕ್ಷರ ಬಾರದವರ ಮನೆಯ ಕಥೆ ಎಂದು ಸದ್ಭಕ್ತರು ತಿಳಿಯಬಾರದು. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿ ಅವರ ತಂಗಿ ರೋಸ್‌ಮೇರಿ 1918ರಲ್ಲಿ ಹುಟ್ಟಿದವರು. ಕಲಿಕೆಯಲ್ಲಿ ಹಿಂದೆ ಬಿದ್ದ ಆ ಮಗಳಿಗೆ 1941ರಲ್ಲಿ ತಂದೆಯೇ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿದರು. ಇದ್ದ ಮಾತೂ ನಡಿಗೆಯೂ ಹೋದವು. ಅಲ್ಲಿಂದ 2005ರಲ್ಲಿ ಕಣ್ಮುಚ್ಚುವವರೆಗೆ ಅವರ ಬದುಕು ಬಹುಮಟ್ಟಿಗೆ ಸಂಸ್ಥೆಗಳಲ್ಲೇ ಕಳೆಯಿತು. ಸಂಪತ್ತು, ವಿದ್ಯೆ, ಅಧಿಕಾರ ಮೂರೂ ಇದ್ದ ಆ ಮನೆತನ ಇಪ್ಪತ್ತು ವರ್ಷ ಈ ವಿಷಯವನ್ನು ಬಾಯಿಬಿಟ್ಟು ಹೇಳಲಿಲ್ಲ. ನಾಚಿಕೆಗೆ ಬಡವ ಬಲ್ಲಿದ ಎಂಬ ಭೇದವಿಲ್ಲ, ನೋಡಿ.

ಬಾಯಿಬಿಟ್ಟವರು ರೋಸ್‌ಮೇರಿಯ ತಂಗಿ ಯೂನಿಸ್ ಕೆನಡಿ ಶ್ರೈವರ್. 1962ರಲ್ಲಿ ಆಕೆ ಅಕ್ಕನ ಸಂಗತಿಯನ್ನು ದೇಶವೆಲ್ಲ ಓದುವ ಪತ್ರಿಕೆಯೊಂದರಲ್ಲಿ ಬರೆದರು. ಅದೇ ವರ್ಷದ ಬೇಸಿಗೆಯಲ್ಲಿ ಮೇರಿಲ್ಯಾಂಡಿನ ತಮ್ಮ ಮನೆಯಂಗಳದಲ್ಲಿ ಇಂಥ ಮಕ್ಕಳಿಗೆ ಆಟದ ಶಿಬಿರ ತೆರೆದರು. ಈಜು, ಚೆಂಡಾಟ, ಕುದುರೆ ಸವಾರಿ ಇವರಿಂದಾದೀತೆ ಎಂದವರಿಗೆ ಮಕ್ಕಳೇ ಉತ್ತರ ಕೊಟ್ಟರು. ಆರು ವರ್ಷಗಳ ಮೇಲೆ, 1968ರ ಜುಲೈ 20ರಂದು, ಶಿಕಾಗೋದ ಸೋಲ್ಜರ್ ಫೀಲ್ಡ್ ಮೈದಾನದಲ್ಲಿ ಅಮೆರಿಕ ಮತ್ತು ಕೆನಡಾದ ಸುಮಾರು 1,000 ಕ್ರೀಡಾಪಟುಗಳು ಸೇರಿದರು. ಸ್ಪೆಷಲ್ ಒಲಿಂಪಿಕ್ಸ್ ಹುಟ್ಟಿದ್ದು ಹೀಗೆ. 2023ರ ಜೂನಿನಲ್ಲಿ ಬರ್ಲಿನ್ನಿನಲ್ಲಿ ನಡೆದ ಜಾಗತಿಕ ಕೂಟಕ್ಕೆ ಸುಮಾರು 7,000 ಮಂದಿ ಬಂದಿದ್ದರು. ನಮ್ಮ ದೇಶದವರು ಅಲ್ಲಿಂದ 202 ಪದಕ ತಂದರು, ಅದರಲ್ಲಿ 76 ಚಿನ್ನದವು. ಕ್ರಿಕೆಟ್ಟಿನ ಒಂದು ಪಂದ್ಯ ಗೆದ್ದರೆ ಬೀದಿಬೀದಿಯಲ್ಲಿ ಪಟಾಕಿ ಹಾರಿಸುವ ನಾವು ಆ ದಿನ ಎಲ್ಲಿದ್ದೆವು?

ಈ ಕೂಟದ ನಿಯಮ ತಿಳಿಯಬೇಕಾದದ್ದು. ಓಟಗಾರರನ್ನೆಲ್ಲ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿ ಎನ್ನುವುದಿಲ್ಲ. ಮೊದಲು ಒಂದು ಸುತ್ತು ಓಡಿಸಿ ಪ್ರತಿಯೊಬ್ಬರ ಸಮಯ ಗುರುತಿಸುತ್ತಾರೆ. ಬಳಿಕ ವಯಸ್ಸು, ಲಿಂಗ, ಸಾಮರ್ಥ್ಯ ನೋಡಿ ಸರಿಸಮಾನರನ್ನು ಒಂದು ಗುಂಪು ಮಾಡುತ್ತಾರೆ. ನಿಧಾನವಾಗಿ ಓಡುವವರಿಗೂ ಅವರ ಸರಿಜೋಡಿಯೊಡನೆ ನಿಜವಾದ ಸ್ಪರ್ಧೆ ಸಿಗುತ್ತದೆ. ಮೊದಲ ಮೂವರಿಗೆ ಪದಕ, ನಾಲ್ಕರಿಂದ ಎಂಟನೆಯವರವರೆಗೆ ರಿಬ್ಬನ್. ಕರುಣೆಯಿಂದ ಹಂಚುವ ಪ್ರಸಾದವಲ್ಲ ಅದು. ಬೆವರು ಸುರಿಸಿ ಪಡೆದದ್ದು. ಅವರ ಪ್ರತಿಜ್ಞೆಯ ಭಾವವೂ ಅದೇ: ಗೆಲುವು ಬೇಕು, ಅದು ದಕ್ಕದಿದ್ದರೆ ಎದೆಗುಂದದೆ ಹೋರಾಡುವ ಧೈರ್ಯವಾದರೂ ಇರಲಿ. ಇವರೊಡನೆ ಇಂಥ ತೊಡಕಿಲ್ಲದವರೂ ಒಂದೇ ತಂಡದಲ್ಲಿ ಆಡುವ ಯೂನಿಫೈಡ್ ಕ್ರೀಡೆಗಳೂ ಇವೆ.

ಇದನ್ನು ಪ್ಯಾರಾಲಿಂಪಿಕ್ಸ್ ಎಂದು ಕಲಸಿಕೊಳ್ಳುವವರು ಬಹಳ. ಅದು ಬೇರೆ ಕೂಟ. ಅಲ್ಲೂ ಬೌದ್ಧಿಕ ವಿಭಾಗವಿತ್ತು. 2000ದಲ್ಲಿ ಸಿಡ್ನಿಯಲ್ಲಿ ಚಿನ್ನ ಗೆದ್ದ ಸ್ಪೇನ್ ಬ್ಯಾಸ್ಕೆಟ್‌ಬಾಲ್ ತಂಡದ 12 ಆಟಗಾರರಲ್ಲಿ 10 ಮಂದಿಗೆ ಅಂಥ ಯಾವ ನ್ಯೂನತೆಯೂ ಇರಲಿಲ್ಲವೆಂದು ಆಮೇಲೆ ಬಯಲಾಯಿತು. ಬುದ್ಧಿವಂತರೆನಿಸಿಕೊಂಡವರ ಆ ಕಪಟಕ್ಕೆ ದಂಡ ತೆತ್ತವರು ನಿಜವಾದ ಆಟಗಾರರು. 2012ರ ಲಂಡನ್ ಕೂಟದವರೆಗೆ ಅವರಿಗೆ ಅಲ್ಲಿ ಬಾಗಿಲು ಮುಚ್ಚಿತ್ತು. ಈ ಪ್ರಸಂಗದಲ್ಲಿ ಮಂದಬುದ್ಧಿಯವರು ಯಾರು ಎಂಬುದನ್ನು ಭಕ್ತರೇ ಹೇಳಲಿ.

ಇನ್ನು ಮಾತಿನ ವಿಚಾರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇಂಗ್ಲಿಷಿನಲ್ಲಿ ಈಗ ಬೈಗುಳವಾಗಿರುವ ಈಡಿಯಟ್, ಇಂಬೆಸೈಲ್, ಮೋರಾನ್ ಎಂಬ ಮೂರೂ ಒಂದು ಕಾಲಕ್ಕೆ ವೈದ್ಯರ ದಾಖಲೆಯ ಪದಗಳು. ಅವು ಕೆಟ್ಟವೆಂದು ‘ಮೆಂಟಲ್ ರಿಟಾರ್ಡೇಶನ್’ ಬಂತು, ಅದೂ ಶಾಲೆಯ ಮಕ್ಕಳ ಬಾಯಲ್ಲಿ ಬೈಗುಳವಾಯಿತು. ಅಮೆರಿಕ 2010ರಲ್ಲಿ ರೋಸಾಳ ಕಾಯ್ದೆ ಎಂಬ ಶಾಸನದಿಂದ ತನ್ನ ಹಲವು ಕಾನೂನುಗಳಲ್ಲಿದ್ದ ಆ ಪದವನ್ನು ಕಿತ್ತುಹಾಕಿತು. ನಮ್ಮ 1995ರ ಅಂಗವಿಕಲರ ಕಾಯ್ದೆಯಲ್ಲೂ ಅದೇ ಪದವಿತ್ತು. 2016ರ ಕಾಯ್ದೆ ‘ಬೌದ್ಧಿಕ ಅಂಗವೈಕಲ್ಯ’ದ ಅರ್ಥ ಬರುವ ಪದವನ್ನು ಇಟ್ಟಿದೆ. ನಮ್ಮ ಪತ್ರಿಕೆಗಳಲ್ಲೂ ಶಾಲೆಯ ಫಲಕಗಳಲ್ಲೂ ಮಾತ್ರ ‘ಬುದ್ಧಿಮಾಂದ್ಯ’ ಇನ್ನೂ ಹೋಗಿಲ್ಲ. ಇದನ್ನು ಮಾನಸಿಕ ಕಾಯಿಲೆಯೊಡನೆ ಬೆರೆಸುವುದಂತೂ ಶುದ್ಧ ಅಜ್ಞಾನ. ಕಾಯಿಲೆ ಯಾವ ವಯಸ್ಸಿನಲ್ಲೂ ಬರಬಹುದು, ಚಿಕಿತ್ಸೆಗೂ ಒಗ್ಗಬಹುದು. ಇದು ಎಳವೆಯಿಂದಲೇ ಇರುವ ಸ್ಥಿತಿ.

‘ವಿಕಲಚೇತನ’ ಎಂಬ ಸರಕಾರಿ ಪದವನ್ನು ಕೇಳಿದಾಗಲೂ ನಮ್ಮ ಮನಸ್ಸು ಒಪ್ಪುವುದಿಲ್ಲ. ಅಂಗಕ್ಕೆ ಊನ ಬರಬಹುದು, ಬುದ್ಧಿಯ ವೇಗ ಕಡಿಮೆಯಾಗಬಹುದು, ಚೇತನಕ್ಕೆ ವಿಕಲತೆ ಎಲ್ಲಿಯದು? 2015ರಲ್ಲಿ ಪ್ರಧಾನಿಯವರು ‘ದಿವ್ಯಾಂಗ’ ಎಂದು ಸೂಚಿಸಿದಾಗ ಅಂಗವಿಕಲರ ಹಲವು ಸಂಘಟನೆಗಳೇ ಬೇಡವೆಂದವು. ಪೆದ್ದನೆಂದು ತುಳಿದರೂ ದೇವರೆಂದು ಪೀಠಕ್ಕೇರಿಸಿದರೂ ಅವರು ನಮ್ಮ ಪಂಕ್ತಿಯಲ್ಲಿ ಕೂತಂತಾಗಲಿಲ್ಲವಲ್ಲ.

ಪದ ಬದಲಾದರೆ ಮನಸ್ಸು ಬದಲಾದೀತೆ ಎಂದು ಕೆಲವರು ಕೇಳುತ್ತಾರೆ. ಕೇಳತಕ್ಕದ್ದೇ. ಹೊಸ ಪದವನ್ನೂ ಹಳೆಯ ನಾಲಿಗೆ ಹೊಲಸು ಮಾಡೀತು. ಆದರೆ ಕನ್ನಡದಲ್ಲಿ ಪದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಉಂಟು, ಅದು ಏಕವಚನ. ನಲವತ್ತು ದಾಟಿದ ಗಂಡಸನ್ನು, ತಲೆ ನರೆತ ಹೆಣ್ಣುಮಗಳನ್ನು, ಓಣಿಯ ಚಿಕ್ಕ ಹುಡುಗರೂ ‘ಬಾರೋ, ಹೋಗೇ’ ಎನ್ನುತ್ತಾರೆ, ಹಿರಿಯರು ಕೇಳಿಯೂ ಸುಮ್ಮನಿರುತ್ತಾರೆ. ಅಣ್ಣಾ, ಅಕ್ಕಾ, ನೀವು ಎನ್ನಲು ಯಾವ ಶಾಸನವೂ ಬೇಕಿಲ್ಲ. ಕೂಟದ ವರದಿ ಬರೆಯುವವರಿಗೂ ಒಂದು ಮಾತು: ದೀಪ ಹಚ್ಚಿದ ಅತಿಥಿಗಳ ಹೆಸರು ನಾಲ್ಕು ಸಾಲು, ಓಡಿ ಗೆದ್ದವರು ‘ಬುದ್ಧಿಮಾಂದ್ಯ ಮಕ್ಕಳು’ ಎಂಬ ಎರಡೇ ಪದ. ಆ ಮಕ್ಕಳಿಗೆ ಹೆಸರಿಲ್ಲವೆ?

ಮನೆಯಲ್ಲಿ ಇಂಥವರಿರುವ ತಂದೆತಾಯಿಗಳು ತಿಳಿದಿರಲಿ. ಸ್ಪರ್ಧೆಗೆ 8 ವರ್ಷ ತುಂಬಿರಬೇಕು, ಮೇಲಿನ ವಯಸ್ಸಿಗೆ ಮಿತಿಯಿಲ್ಲ. 2ರಿಂದ 7 ವರ್ಷದವರಿಗೆ ಬೇರೆ ಆಟಗಳಿವೆ. ಭಾಗವಹಿಸಲು ಶುಲ್ಕವಿಲ್ಲ. ನಮ್ಮ ದೇಶದಲ್ಲಿ ಇದನ್ನು ನಡೆಸುವ ಸಂಸ್ಥೆಯ ಹೆಸರು ಸ್ಪೆಷಲ್ ಒಲಿಂಪಿಕ್ಸ್ ಭಾರತ್. ಹತ್ತಿರದ ವಿಶೇಷ ಶಾಲೆಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ವಿಚಾರಿಸಲು ಹೋಗುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡೇ ಹೋಗಿ.