ಉಡಿದಾರದ ಚಿಮಟ, ಜೇಬಿನ ಇಕ್ಕಳ

ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿ ತೂರಿ ಹಿಮ್ಮಡಿಗೆ ಇಳಿಯುವುದು ತುಂಗಭದ್ರಾ ಅಣೆಕಟ್ಟೆಯ, ಅಂದರೆ ನಮ್ಮ ಟಿ.ಬಿ. ಡ್ಯಾಂನ, ಸುತ್ತಲಿನವರಿಗೆ ಹೊಸದೇನಲ್ಲ. ಕಳೆದ ತಿಂಗಳು ಕಾಲುವೆ ದಂಡೆಯ ಮೇಲೆ ನನಗೂ ಇಳಿಯಿತು, ಇಳಿದದ್ದು ಒಳಗೇ ಮುರಿಯಿತು. ಜೇಬಿನಿಂದ ಮಲ್ಟಿಟೂಲ್ ತೆಗೆದು ಅದರ ಇಕ್ಕಳದ ಮೂತಿಯಿಂದ ಹಿಡಿಯಲು ನೋಡಿದೆ. ಮುಳ್ಳಿನ ಬುಡ ಚರ್ಮದೊಳಗೆ ಹೂತಿದ್ದರೆ ಇಕ್ಕಳಕ್ಕೆ ಸಿಗುವುದು ಚರ್ಮ ಮಾತ್ರ. ಅಲ್ಲೇ ಮೇಕೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. “ಅದನ್ನ ಒಳಗ ಇಡು ತಮ್ಮಾ, ಕಾಲು ಇತ್ಲಾಗ ಕೊಡು” ಎಂದವರೇ ಅಂಗಿ ಎತ್ತಿ, ಉಡಿದಾರಕ್ಕೆ ಕಟ್ಟಿದ್ದ ಒಂದು ಹಿತ್ತಾಳೆ ಉಂಗುರ ಬಿಚ್ಚಿದರು.

ಉಂಗುರದಲ್ಲಿ ಇದ್ದದ್ದು ಮೂರೇ ಸಾಮಾನು. ಮುಳ್ಳು ಕೀಳುವ ಚಿಮಟ, ಕಿವಿಗುಗ್ಗೆ ತೆಗೆಯುವ ಪುಟ್ಟ ಸೌಟು, ಒಂದು ದಪ್ಪ ಸೂಜಿ. ಮೂರಕ್ಕೂ ತಲೆಯಲ್ಲಿ ಸುರುಳಿ ಸುತ್ತಿದ ಕಣ್ಣು. ಒಂದನ್ನು ಹಿಡಿದರೆ ಉಳಿದೆರಡು ತಾವಾಗಿ ಹಿಂದಕ್ಕೆ ಬೀಳುತ್ತವೆ, ಕೈಗೆ ಅಡ್ಡ ಬರುವುದಿಲ್ಲ.

ಅವರ ಕೆಲಸದ ಕ್ರಮ ನೋಡುವಂತಿತ್ತು. ಮೊದಲು ಸೂಜಿಯನ್ನು ಚರ್ಮಕ್ಕೆ ಅಡ್ಡಲಾಗಿ ಮಲಗಿಸಿ, ಮುಳ್ಳಿನ ಮೇಲಿನ ಸತ್ತ ಪದರವನ್ನಷ್ಟೇ ಎಬ್ಬಿಸಿದರು. ಕೆಳಗೆ ಕೆದಕಲಿಲ್ಲ. ಆಮೇಲೆ ಎರಡೂ ಹೆಬ್ಬೆರಳಿನಿಂದ ಅಕ್ಕಪಕ್ಕ ಒತ್ತಿದಾಗ ಮುಳ್ಳಿನ ಕಪ್ಪು ತಲೆ ಎಳ್ಳುಕಾಳಿನಷ್ಟು ಮೇಲೆದ್ದಿತು. ಚಿಮಟ ಬಂದದ್ದು ಕೊನೆಗೆ. ಮುಳ್ಳು ಹೊಕ್ಕ ದಿಕ್ಕಿನಲ್ಲೇ ಹಿಂದಕ್ಕೆ ಎಳೆದರು. ಎಕ್ಕದ ಹಾಲು ಹಚ್ಚಿಕೋ ಎಂಬ ಮಾತನ್ನು ಮಾತ್ರ ನಾನು ಪಾಲಿಸಲಿಲ್ಲ. ಆ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ತಾಗಿದರೆ ಇನ್ನೂ ಅಪಾಯ.

ಚಿಮಟವನ್ನು ಕೈಗೆ ಕೇಳಿ ತೆಗೆದುಕೊಂಡೆ. ಒಂದೇ ಉಕ್ಕಿನ ಪಟ್ಟಿಯನ್ನು ನಡುವೆ ಮಡಚಿದ್ದು. ಆ ಮಡಿಕೆಯೇ ಸ್ಪ್ರಿಂಗು. ತುದಿಗಳೆರಡೂ ಎಷ್ಟು ನೇರವಾಗಿ ಕೂಡುತ್ತಿದ್ದವೆಂದರೆ ಬೆಳಕಿಗೆ ಹಿಡಿದರೂ ನಡುವೆ ಸಂದು ಕಾಣಲಿಲ್ಲ. “ನಮ್ಮಪ್ಪಂದು. ಡ್ಯಾಂ ಕಟ್ಟಾಕ ಕಲ್ಲು ಹೊರಾಕ ಬಂದಿದ್ದ, ಆಗಿಂದು” ಎಂದರು ತಾತ. 1945ರ ಫೆಬ್ರುವರಿ 28ರಂದು ಅಡಿಗಲ್ಲು ಬಿದ್ದು, 1953ರಲ್ಲಿ ನೀರು ನಿಂತ ಕಟ್ಟೆ ಇದು. ಸುರ್ಕಿ ಗಾರೆಯಲ್ಲಿ ಕೂಡಿಸಿದ ಕಲ್ಲುಗಳ ರಾಶಿ. ಕ್ರೇನು, ಟ್ರಾಲಿಗಳ ಫೋಟೊಗಳನ್ನು ನಾವೆಲ್ಲ ನೋಡಿದ್ದೇವೆ. ಕಲ್ಲು ಹೊತ್ತವನ ಸೊಂಟದಲ್ಲಿ ಏನಿತ್ತು ಎಂಬುದನ್ನು ನಾನು ಕಂಡದ್ದು ಅಂದೇ ಮೊದಲು.

ಮನೆಗೆ ಬಂದು ಪುಸ್ತಕ, ಹಳೆಯ ಕತ್ತರಿಕೆಗಳನ್ನೆಲ್ಲ ತೆಗೆದೆ. ಹರಪ್ಪದ ಉತ್ಖನನದಲ್ಲಿ ಇದೇ ಮೂರರ ಜೋಡಣೆ ತಾಮ್ರದಲ್ಲಿ ಸಿಕ್ಕಿದೆ: ಚಿಮಟ, ಕಿವಿಸೌಟು, ಚುಚ್ಚುಗಡ್ಡಿ. ಅಂಥವೇ ಮೆಸಪೊಟೇಮಿಯಾದ ಉರ್ ಮತ್ತು ಕಿಶ್‌ನಲ್ಲೂ ಸಿಕ್ಕಿವೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಸೊಂಟದ ಸಾಮಾನು ಎಂಬತ್ತು ವರ್ಷದ ಹಿಂದೆ ಡ್ಯಾಂ ಕೂಲಿಯೊಬ್ಬನ ಉಡಿದಾರದಲ್ಲಿ ಹಾಗೆಯೇ ಇತ್ತೆಂದರೆ, ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಕಂಪನಿಯ ಮಾಲಿಗೂ ಸಿಗಲಾರದು. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಮ್ಯೂಸಿಯಂನಲ್ಲಿರುವ ರೋಮನ್ನರ ಮಡಚುವ ಬೆಳ್ಳಿ ಸಾಧನದಲ್ಲಿ ಚಮಚ, ಫೋರ್ಕು, ಚಾಕು ಎಲ್ಲ ಇವೆ. ಅದು ಉಳ್ಳವರ ಊಟದ ಸಾಮಾನು. ನಮಗೆ ಗೊತ್ತಿರುವ ಸ್ವಿಸ್ ಚಾಕುವಿನ ಕತೆ 1884ರಲ್ಲಿ ಈಬಾಖ್‌ನಲ್ಲಿ ಕಾರ್ಲ್ ಎಲ್ಸನರ್ ತೆರೆದ ಕಾರ್ಖಾನೆಯಿಂದ ಶುರುವಾಗುತ್ತದೆ. 1891ರಲ್ಲಿ ಸೈನ್ಯಕ್ಕೆ ಪೂರೈಕೆ, 1897ರಲ್ಲಿ ಆಫೀಸರ್ ಮಾದರಿ. ಇಕ್ಕಳವೇ ಮುಖ್ಯವಾದ ಜಾತಿ ತೀರ ಈಚಿನದು. 1975ರಲ್ಲಿ ಟಿಮ್ ಲೆದರ್‌ಮನ್ ಎಂಬ ಅಮೆರಿಕನ್ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪು ಸುತ್ತುವಾಗ, ಜೇಬಿನ ಚಾಕುವಿಗೆ ಇಕ್ಕಳ ಒಂದಿದ್ದರೆ ಎಂದುಕೊಂಡ. 1980ರಲ್ಲಿ ಪೇಟೆಂಟ್, 1983ರಲ್ಲಿ ಮಾರಾಟ.

ಇಕ್ಕಳದ ಜಾತಿಯದನ್ನು ಹಲವು ವರ್ಷ ಜೇಬಲ್ಲಿಟ್ಟು ತಿರುಗಿದವನು ನಾನು. ಪೂರ್ಣ ಗಾತ್ರದ್ದು ಕಾಲು ಕಿಲೋಗೆ ಹತ್ತಿರ ತೂಗುತ್ತದೆ. ಪ್ಯಾಂಟಿನ ಜೇಬು ಜೋಲುತ್ತದೆ, ಲುಂಗಿ ಉಟ್ಟ ದಿನ ಮನೆಯಲ್ಲೇ ಉಳಿಯುತ್ತದೆ. ಬೇಕಾಗುವುದು ಸಾಮಾನ್ಯವಾಗಿ ಅಂಥ ದಿನವೇ. ಆದರೂ ಕಂಪ್ಲಿಯ ಬಾಳೆ ತೋಟದಲ್ಲಿ ಡ್ರಿಪ್ ಪೈಪು ಕಿತ್ತಾಗ, ತೋರಣಗಲ್ಲು ದಾರಿಯಲ್ಲಿ ಬೈಕಿನ ಕ್ಲಚ್ ವೈರಿನ ನಟ್ ಸಡಿಲಾದಾಗ ಅದು ಮಾಡಿದ ಉಪಕಾರ ದೊಡ್ಡದು. ಎಲ್ಲರೂ ಹೊಗಳುವ ಚಾಕುವಿನ ಅಲಗನ್ನು ನಾನು ಬಳಸಿದ್ದು ತೀರ ಕಡಿಮೆ, ಅದೂ ಹೆಚ್ಚಾಗಿ ಬಾಳೆಲೆ ಕೊಯ್ಯಲು.

ನನಗೆ ಅಚ್ಚುಮೆಚ್ಚಿನದು ಯಾರೂ ತಿರುಗಿ ನೋಡದ ಇನ್ನೊಂದು ಭಾಗ: ಸ್ವಿಸ್ ಚಾಕುಗಳ ಬೆನ್ನಿನಿಂದ ಎದ್ದು ಬರುವ ಚುಚ್ಚುಗ. ಕೆಲವು ಮಾದರಿಗಳಲ್ಲಿ ಅದರ ಅಲಗಿನಲ್ಲೇ ಒಂದು ತೂತು ಇರುತ್ತದೆ. ಅದು ದಾರಕ್ಕಾಗಿ ಇಟ್ಟ ತೂತು ಎಂದು ಮನದಟ್ಟಾದದ್ದು ಕಂಪ್ಲಿಯ ರೈಸ್ ಮಿಲ್ಲೊಂದರಲ್ಲಿ ಹಮಾಲರು ಚೀಲ ಹೊಲಿಯುವುದನ್ನು ನೋಡಿದ ಮೇಲೆ. ಅವರ ದಬ್ಬಣದ ಕಣ್ಣು ಹಿಂದಿನ ತುದಿಯಲ್ಲಿದೆ. ದಬ್ಬಣ ಇಡಿಯಾಗಿ ಗೋಣಿಯ ಆಚೆ ಬರುತ್ತದೆ, ಸುತಲಿ ಅದರ ಹಿಂದೆಯೇ ಬರುತ್ತದೆ. ಚೀಲದ ಬಾಯಿ ಮಡಚಿ, ಸರಸರನೆ ಹೊಲಿದು, ಎತ್ತಲು ಎರಡು ಮೂಲೆಗೆ ಕಿವಿ ಬಿಡುವಷ್ಟರಲ್ಲಿ ಮುಂದಿನ ಚೀಲ ಬಂದಿರುತ್ತದೆ. ಜೇಬಿನ ಚುಚ್ಚುಗಕ್ಕೆ ಹಿಡಿಯೇ ಅಂಟಿಕೊಂಡಿರುವುದರಿಂದ ಅದು ಆಚೆ ದಾಟುವಂತಿಲ್ಲ. ಆದ್ದರಿಂದ ಉಪಾಯ ಬೇರೆ. ದಾರ ಪೋಣಿಸಿ ಚುಚ್ಚಬೇಕು, ಸ್ವಲ್ಪ ಹಿಂದಕ್ಕೆ ಎಳೆದರೆ ಆಚೆ ಬದಿ ಒಂದು ಕುಣಿಕೆ ಉಳಿಯುತ್ತದೆ, ಆ ಕುಣಿಕೆಯೊಳಗೆ ಇನ್ನೊಂದು ದಾರ ತೂರಿಸಿ ಬಿಗಿಯಬೇಕು. ಹೊಲಿಗೆ ಯಂತ್ರದ ನಂಟೂ ಇದೇ: ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲೂ ಸೂಜಿಯ ಕಣ್ಣು ಮೊನೆಯ ಬಳಿ ಇತ್ತು, ಕುಣಿಕೆಗೆ ಕೆಳದಾರ ಸಿಕ್ಕಿಕೊಳ್ಳುತ್ತಿತ್ತು. ಹರಿದ ಬ್ಯಾಗಿನ ಪಟ್ಟಿ, ಕಿತ್ತ ಚಪ್ಪಲಿ, ಟಾರ್ಪಾಲಿನ ಮೂಲೆ, ಎಲ್ಲವನ್ನೂ ಹೀಗೆ ಹೊಲಿದು ನೋಡಿದ್ದೇನೆ. ಹತ್ತಿ ದಾರ ಬೇಡ. ಚುಚ್ಚುಗದ ಅಂಚು ಅದನ್ನು ಕತ್ತರಿಸುತ್ತದೆ. ಮೇಣ ಉಜ್ಜಿದ ನೈಲಾನ್ ದಾರ ನಿಲ್ಲುತ್ತದೆ. ಈ ಒಂದು ತೂತಿಗಾಗಿಯೇ ಚಾಕು ಕೊಳ್ಳಬಹುದು ಎಂದು ನಾನು ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ.

ಸಂಡೂರಿನ ಕಡೆ ಓಡಾಡುವವರಿಗೆ ಒಂದು ಎಚ್ಚರಿಕೆ. ಅದಿರಿನ ಕೆಂಪು ಧೂಳು ಮಡಿಕೆಯ ಕೀಲುಗಳಿಗೆ ಇಳಿದರೆ, ಎಣ್ಣೆ ಬಿಟ್ಟಷ್ಟೂ ಅರೆಯುವ ಹಿಟ್ಟಾಗುತ್ತದೆ. ಮೊದಲು ಬಿಸಿನೀರು, ಸೋಪು, ಹಳೆಯ ಹಲ್ಲುಬ್ರಷ್ಷು. ಪೂರ್ತಿ ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಧೂಳಿರುವಾಗಲೇ ಎಣ್ಣೆ ಬಿಡಬಾರದು.

ಇಕ್ಕಳದ್ದನ್ನು ಈಗ ಬೈಕಿನ ಸೀಟಿನ ಕೆಳಗೆ ಸೇರಿಸಿದ್ದೇನೆ, ಅದರ ಜಾಗ ಅದೇ. ಜೇಬಿನಲ್ಲಿ ಚುಚ್ಚುಗವಿರುವ ತೆಳು ಚಾಕು, ಕೀ ಗೊಂಚಲಿನಲ್ಲಿ ಬೇರೆಯೇ ಕೊಂಡ ಒಂದು ಚಿಮಟ. ನಮ್ಮ ಕಡೆ ಕೊಳ್ಳುವವರು ಎಷ್ಟು ಅಲಗು ಎಂದು ಎಣಿಸುವ ಮೊದಲು ಚಿಮಟದ ತುದಿಗಳು ಕೂಡುತ್ತವೆಯೇ ನೋಡಲಿ. ಒಂದು ಕೂದಲನ್ನು ಹಿಡಿದು ಎಳೆದಾಗ ಜಾರಿದರೆ ಅದು ಜಾಲಿಮುಳ್ಳಿಗೂ ಜಾರುತ್ತದೆ. ವಿದ್ಯಾನಗರದಿಂದ ವಿಮಾನ ಹತ್ತುವವರು ಚಾಕು ಇರುವುದನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ಚೆಕ್-ಇನ್ ಸಾಮಾನಿನೊಳಗೆ ಹಾಕುವುದನ್ನು ಮನೆ ಬಿಡುವಾಗಲೇ ನೆನಪಿಟ್ಟುಕೊಳ್ಳಬೇಕು.