ಈ ರಜೆಗೆ ಅಬಲೂರಿನಿಂದ ಶುರುಮಾಡಿ

ದಸರೆಗೋ ಬೇಸಿಗೆಗೋ ರಜೆ ಬಂತೆಂದರೆ ಮನೆಮಂದಿಯ ಬಾಯಲ್ಲಿ ಬರುವ ಹೆಸರುಗಳು ಗೊತ್ತೇ ಇವೆ: ಮಡಿಕೇರಿ, ಚಿಕ್ಕಮಗಳೂರು, ಗೋಕರ್ಣ, ಹಂಪಿ. ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ ರಾಣೆಬೆನ್ನೂರು, ಹಾವೇರಿ, ಬಂಕಾಪುರದ ಫಲಕಗಳು ಒಂದರ ಹಿಂದೊಂದು ಬಂದು ಹೋಗುತ್ತವೆ; ಇಲ್ಲಿ ಇಳಿದು ನೋಡೋಣ ಎನ್ನುವವರು ಕಡಿಮೆ. ಆ ಹೆದ್ದಾರಿಯ ಎರಡೂ ಮಗ್ಗುಲಿಗೆ ಹಿರೇಕೆರೂರು, ಹಾನಗಲ್, ಶಿಗ್ಗಾವಿ, ಸವಣೂರು ತಾಲ್ಲೂಕುಗಳಲ್ಲಿ ವಾರಗಟ್ಟಲೆ ಸುತ್ತಿದರೂ ಮುಗಿಯದಷ್ಟು ಹಳೆಯ ಊರುಗಳಿವೆ. ಎಲ್ಲವನ್ನೂ ಒಂದೇ ಓಟದಲ್ಲಿ ಮುಗಿಸುವ ಗೋಜಿಗೆ ಹೋಗಬೇಡಿ. ಒಂದು ಊರಿನಿಂದ ಶುರುಮಾಡಿ. ಅದು ಹಿರೇಕೆರೂರು ತಾಲ್ಲೂಕಿನ ಅಬಲೂರು ಆಗಲಿ.

ಅಬಲೂರಿಗೆ ನನ್ನನ್ನು ಎಳೆದು ತಂದದ್ದು ಏಕಾಂತದ ರಾಮಯ್ಯ ಎಂಬ ಹನ್ನೆರಡನೆಯ ಶತಮಾನದ ಶಿವಭಕ್ತ. ಇಲ್ಲಿನ ಸೋಮೇಶ್ವರ ಗುಡಿಯಲ್ಲಿ ಅವನ ಕಥೆಯನ್ನು ಶಿಲ್ಪವಾಗಿ ಕಡೆದಿದ್ದಾರೆ. ಜೊತೆಗೆ ಇದು ಇಂಥ ಪ್ರಸಂಗ ಎಂದು ಸಣ್ಣ ಸಾಲುಗಳಲ್ಲಿ ಕನ್ನಡದಲ್ಲೇ ಕೊರೆದಿದ್ದಾರೆ. ರಾಮಾಯಣ, ಮಹಾಭಾರತದ ಸಾಲುಶಿಲ್ಪಗಳು ನಾಡಿನ ಎಷ್ಟೋ ಗುಡಿಗಳಲ್ಲಿ ಸಿಗುತ್ತವೆ. ಆದರೆ ಇದೇ ಊರಿನ ನೆಲದ ಮೇಲೆ ಓಡಾಡಿದ ಮನುಷ್ಯನೊಬ್ಬನ ಕಥೆ, ಅವನ ಹೆಸರಿನ ಸಮೇತ, ಅವನ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲೇ ಕಲ್ಲಿಗೆ ಇಳಿದದ್ದು ಅಪರೂಪ.

ಅದೇ ಗುಡಿಯಲ್ಲಿರುವ ದೊಡ್ಡ ಶಾಸನ ಕಥೆಯನ್ನು ಬಿಡಿಸಿ ಹೇಳುತ್ತದೆ. ಸುಮಾರು ಕ್ರಿ.ಶ. 1200ರದು, ಹಾನಗಲ್ಲಿನ ಕದಂಬ ಅರಸ ಕಾಮದೇವನ ಕಾಲದ್ದು. ರಾಮಯ್ಯ ಆಳಂದದವನು, ಪುರುಷೋತ್ತಮಭಟ್ಟನ ಮಗ. ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಸೋಮನಾಥನಿಗೆ ನಡೆದುಕೊಂಡವನು. ಅಲ್ಲಿಂದ ಅಬಲೂರಿಗೆ ಬಂದ. ಇಲ್ಲಿ ಸಂಕಗಾವುಂಡನ ಮುಂದಾಳ್ತನದ ಜೈನರಿಗೂ ಅವನಿಗೂ ವಾದ ಬೆಳೆಯಿತು. ತಲೆ ಕಡಿದು ಶಿವನಿಗೊಪ್ಪಿಸಿ ಅದನ್ನು ಮತ್ತೆ ಪಡೆದರೆ ಏನು ಕೊಡುತ್ತೀರಿ ಎಂದು ರಾಮಯ್ಯ ಕೇಳಿದ. ಜಿನನನ್ನು ತೆಗೆದು ಶಿವನನ್ನು ಪ್ರತಿಷ್ಠೆ ಮಾಡುತ್ತೇವೆ ಎಂದು ಅವರು ಓಲೆ ಬರೆದುಕೊಟ್ಟರು. ತಲೆ ಹೋಯಿತು, ಏಳು ದಿನ ಕಳೆದ ಮೇಲೆ ಗಾಯದ ಗುರುತೂ ಇಲ್ಲದಂತೆ ಬಂದು ಕೂಡಿತು ಎನ್ನುತ್ತದೆ ಶಾಸನ. ಕೊಟ್ಟ ಮಾತಿಗೆ ಅವರು ತಪ್ಪಿದಾಗ ರಾಮಯ್ಯ ತಾನೇ ಹೋಗಿ ಜಿನಬಿಂಬವನ್ನು ಒಡೆದ. ದೂರು ಕಲಚುರಿ ಬಿಜ್ಜಳನವರೆಗೆ ಹೋಯಿತು. ರಾಜನ ಎದುರಲ್ಲೇ ಮತ್ತೊಮ್ಮೆ ತಲೆ ಕೊಡಲು ರಾಮಯ್ಯ ಸಿದ್ಧನಾದ. ಪಂಥಕ್ಕೆ ಎದುರಾಳಿಗಳು ಒಪ್ಪಲಿಲ್ಲ. ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟು ಗುಡಿಗೆ ದತ್ತಿ ಬಿಟ್ಟ. ಮುಂದೆ ಚಾಳುಕ್ಯ ನಾಲ್ವಡಿ ಸೋಮೇಶ್ವರ ಈ ಊರನ್ನೇ ಬಿಟ್ಟುಕೊಟ್ಟ.

ಇದು ಗೆದ್ದವರ ಕಡೆಯ ಮಾತು ಎಂಬುದನ್ನು ಓದುಗರು ಮರೆಯಬಾರದು. ಸೋತ ಬಸದಿಯವರ ಅಳಲನ್ನು ಈ ಶಾಸನ ಹೇಳುವುದಿಲ್ಲ. ನಂಬುವವರು ಪವಾಡ ಎಂದು ಕೈ ಮುಗಿಯಲಿ, ಉಳಿದವರು ಹನ್ನೆರಡನೆಯ ಶತಮಾನದ ಈ ನಾಡು ಯಾವ ಬೇಗುದಿಯಲ್ಲಿತ್ತು ಎಂದು ಓದಿಕೊಳ್ಳಲಿ. ಎರಡಕ್ಕೂ ಆ ಕಲ್ಲಿನ ಮುಂದೆ ಜಾಗವಿದೆ. ಬ್ರಿಟಿಷ್ ವಿದ್ವಾಂಸ ಜೆ.ಎಫ್. ಫ್ಲೀಟ್ ಅಬಲೂರಿನ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದಾಗ, ವೀರಶೈವದ ಇತಿಹಾಸದ ಬಗ್ಗೆಯೇ ಹೊಸ ಚರ್ಚೆ ಎದ್ದಿತು. ಹರಿಹರ ಕವಿ ಇದೇ ರಾಮಯ್ಯನ, ಅಂದರೆ ಏಕಾಂತ ರಾಮಿತಂದೆಯ, ಮೇಲೆ ರಗಳೆಯನ್ನೇ ಬರೆದಿದ್ದಾನೆ. ಅಷ್ಟು ದೊಡ್ಡ ಕಥೆ ಇಷ್ಟು ಸಣ್ಣ ಊರಿನಲ್ಲಿ ಸದ್ದಿಲ್ಲದೆ ಕುಳಿತಿದೆ.

ಊರಿನ ಎರಡನೆಯ ಹಳೆಯ ಗುಡಿ ಬಸವೇಶ್ವರನದು. ಅದನ್ನೂ ನೋಡಿ. ಬೆಳಗಿನ ಅಥವಾ ಇಳಿಹೊತ್ತಿನ ಬೆಳಕು ಓರೆಯಾಗಿ ಬಿದ್ದಾಗ ಕಲ್ಲಿನ ಅಕ್ಷರದ ಅಂಚು ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಹೋದರೆ ಏನೂ ತಿಳಿಯದು. ಒಳಗಿನ ಶಿಲ್ಪಕ್ಕೆ ಟಾರ್ಚನ್ನು ಬದಿಯಿಂದ ಹಿಡಿಯಬೇಕು, ಎದುರಿನಿಂದಲ್ಲ.

ಅಬಲೂರಿನೊಂದಿಗೆ ಬೆಸೆದುಕೊಂಡ ಇನ್ನೊಂದು ಹೆಸರು ತ್ರಿಪದಿ ಕವಿ ಸರ್ವಜ್ಞನದು. ಮಾಸೂರಿನ ಬಸವರಸ ಕಾಶಿಗೆ ಹೋಗಿ ಬರುವಾಗ ಅಬಲೂರಿನ ಕುಂಬಾರಗಿತ್ತಿ ಮಾಳಿಯ ಮನೆಯಲ್ಲಿ ತಂಗಿದ, ಅವಳ ಮಗನೇ ಸರ್ವಜ್ಞ ಎಂಬುದು ಅವನ ಹೆಸರಿನ ತ್ರಿಪದಿಗಳಲ್ಲೇ ಬರುವ ಮಾತು, ಊರವರ ಬಾಯಲ್ಲಿ ಇವತ್ತಿಗೂ ಇರುವ ಮಾತು. ಊರೂರು ತಿರುಗಿ ಹಾಡಿದವನ ಪದಗಳನ್ನು ಜನರ ನಾಲಿಗೆಯಿಂದ, ಓಲೆಗರಿಗಳಿಂದ ಹುಡುಕಿ ಒಟ್ಟುಮಾಡಿ 1924ರಲ್ಲಿ ಅಚ್ಚು ಹಾಕಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 2009ರಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಾಗ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಚೆನ್ನೈನ ಪ್ರತಿಮೆ ಕಂಡವರಲ್ಲಿ ಎಷ್ಟು ಮಂದಿ ಅಬಲೂರನ್ನು ಕಂಡಿದ್ದಾರೆ?

ಇಂಥ ಸಣ್ಣ ಊರುಗಳತ್ತ ಜನರನ್ನು ಕರೆತರುವುದರಲ್ಲಿ ಫ್ರಾನ್ಸಿನವರು ಜಾಣರು. ಕೊಲೋಂಜ್-ಲಾ-ರೂಜ್ ಎಂಬ ಕೆಂಪುಕಲ್ಲಿನ ಪುಟ್ಟ ಊರಿನ ಮೇಯರ್ ಶಾರ್ಲ್ ಸೇರಾಕ್, ಹಳ್ಳಿಗಳು ಬರಿದಾಗುವುದನ್ನು ನೋಡಿ, 1982ರಲ್ಲಿ ‘ಫ್ರಾನ್ಸಿನ ಅತಿ ಚೆಂದದ ಹಳ್ಳಿಗಳು’ ಎಂಬ ಸಂಘ ಕಟ್ಟಿದರು. ಜನಸಂಖ್ಯೆ ಎರಡು ಸಾವಿರದೊಳಗಿರಬೇಕು, ಕಾನೂನಿನ ರಕ್ಷಣೆ ಪಡೆದ ತಾಣ ಅಥವಾ ಸ್ಮಾರಕ ಎರಡಾದರೂ ಇರಬೇಕು, ಊರಿನ ಆಡಳಿತ ಸಭೆ ತಾನೇ ಠರಾವು ಮಾಡಿ ಅರ್ಜಿ ಹಾಕಬೇಕು. ಕಾಳಜಿ ತಪ್ಪಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಈಗ ಸುಮಾರು 180 ಹಳ್ಳಿಗಳು ಆ ಪಟ್ಟಿಯಲ್ಲಿವೆ, ರಜೆಗೆ ಹೊರಡುವವರು ಅದನ್ನು ನೋಡಿಯೇ ದಾರಿ ಗುರುತು ಹಾಕಿಕೊಳ್ಳುತ್ತಾರೆ. ನಮ್ಮ ಹಳ್ಳಿಗಳಿಗೆ ಎರಡು ಸಾವಿರದ ಲೆಕ್ಕ ಹೊಂದಲಾರದು. ಆದರೆ ಊರೇ ಮುಂದೆ ಬಂದು ‘ನಾವು ಕಾಪಾಡಿಕೊಳ್ಳುತ್ತೇವೆ’ ಎನ್ನುವ ಕ್ರಮ ನಮಗೂ ಬೇಕು. ಹಾವೇರಿ ಜಿಲ್ಲೆಯ ಪಂಚಾಯಿತಿಗಳು ಸೇರಿ ಇಂಥದೊಂದು ಪಟ್ಟಿ ಮಾಡಿದರೆ ಅದು ಬೇಗ ತುಂಬುತ್ತದೆ.

ಹಾನಗಲ್ಲಿನ ತಾರಕೇಶ್ವರ ಗುಡಿ ಅದರಲ್ಲಿರಬೇಕು. ಅಲ್ಲಿ ಕತ್ತೆತ್ತಿ ನೋಡಿದರೆ ಮಂಟಪದ ಚಾವಣಿಯಿಂದ ದೊಡ್ಡ ಕಮಲ ಇಳಿಬಿದ್ದಿದೆ. ಶಿಗ್ಗಾವಿ ಕಡೆ ಬಂಕಾಪುರದ ಕೋಟೆಯಲ್ಲಿ ನಗರೇಶ್ವರ ಗುಡಿ ಇದೆ, ಜನರ ಬಾಯಲ್ಲಿ ಅರವತ್ತು ಕಂಬದ ಗುಡಿ. ಅದೇ ಕೋಟೆಯ ಒಳಗೆ ಖಿಲ್ಲಾರಿ ದನಗಳ ತಳಿ ಕೇಂದ್ರವಿದೆ. ಅವುಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲಿನಲ್ಲಿ ನವಿಲುಗಳು ನೆಮ್ಮದಿಯಾಗಿ ಬೆಳೆದಿವೆ. ಕನಕದಾಸರ ಬಾಡ, ಶರೀಫಜ್ಜನ ಶಿಶುನಾಳ ಎರಡೂ ಇದೇ ತಾಲ್ಲೂಕಿನವು. ಸವಣೂರು ನವಾಬರ ಊರು, ವಿ.ಕೃ. ಗೋಕಾಕರು ಹುಟ್ಟಿದ ಊರು. ಅಲ್ಲಿನ ದೊಡ್ಡಹುಣಸೆ ಮಠದ ಅಂಗಳದಲ್ಲಿ ಆಫ್ರಿಕಾ ಮೂಲದ ಮೂರು ದೈತ್ಯ ಮರಗಳಿದ್ದವು. 2023ರ ಮಳೆಗಾಲದಲ್ಲಿ ಒಂದು ಉರುಳಿತು, ಅದನ್ನು ಎತ್ತಿ ಮತ್ತೆ ನೆಟ್ಟರು. ಸವಣೂರಿಗೆ ಹೋದವರು ಖಾರಾ ಕಟ್ಟಿಸಿಕೊಳ್ಳದೆ, ವೀಳ್ಯದೆಲೆ ಹಾಕಿಕೊಳ್ಳದೆ ಬರಬಾರದು.

ಹಿರೇಕೆರೂರಿಗೆ ರೈಲಿಲ್ಲ. ಹಾವೇರಿ ಅಥವಾ ರಾಣೆಬೆನ್ನೂರಿನಲ್ಲಿ ಇಳಿದು ಬಸ್ಸು ಹಿಡಿಯಬೇಕು, ವಸತಿಗೂ ಆ ಊರುಗಳೇ ಅನುಕೂಲ. ಮಳೆಗಾಲ ಮುಗಿದ ಮೇಲೆ ಹೋಗಿ, ಗೋವಿನಜೋಳದ ಹೊಲಗಳ ನಡುವಿನ ದಾರಿ ಕಣ್ಣಿಗೆ ತಂಪು.

ಇಂಥ ಊರುಗಳಲ್ಲಿ ನೋಡುವವರು ಬರದಿದ್ದರೆ ಕಲ್ಲಿನ ಮೇಲೆ ಸುಣ್ಣ ಬೀಳುತ್ತದೆ, ಅಕ್ಷರಗಳಲ್ಲಿ ಎಣ್ಣೆ ಜಿಡ್ಡು ತುಂಬುತ್ತದೆ. ಹೋದವರು ಶಿಲ್ಪಕ್ಕೆ ಕೈ ಹಚ್ಚಬೇಡಿ, ಕುಂಕುಮ ಬಳಿಯಬೇಡಿ. ಊರಿನ ಹೋಟೆಲಿನಲ್ಲೇ ಚಹಾ ಕುಡಿಯಿರಿ. ಗುಡಿಯ ಹತ್ತಿರ ಸಿಗುವ ಹಿರಿಯರನ್ನು ರಾಮಯ್ಯನ ಕಥೆ ಕೇಳಿ, ಜೊತೆಗೆ ಮಕ್ಕಳನ್ನೂ ಕೂರಿಸಿಕೊಳ್ಳಿ. ಮನೆಗೆ ಬಂದ ಮೇಲೆ ಅಲ್ಲಿನ ಗ್ರಾಮ ಪಂಚಾಯಿತಿಗೆ, ನಿಮ್ಮ ಊರು ನೋಡಿ ಬಂದೆವು, ಚೆನ್ನಾಗಿದೆ, ಕಾಪಾಡಿಕೊಳ್ಳಿ ಎಂದು ಒಂದು ಕಾಗದ ಬರೆಯಿರಿ.