ಐದು ಗಂಟೆಗೆ ಬಂದವರ ಕೂಲಿ

ಶುಕ್ರವಾರ ಸಂಜೆ ಆರೂವರೆಗೆ ಸಂಡೇ ಸ್ಕೂಲ್ ಕೋಣೆಯ ಬೀಗ ತೆಗೆಯುತ್ತಾರೆ. ಮಂಗಳೂರಿನ ನಮ್ಮ ಸಭೆಗೆ ಬೇರೆ ಹಾಲ್ ಇಲ್ಲ. ಹಾಗಾಗಿ ಹಿರಿಯರ ಬೈಬಲ್ ಸ್ಟಡಿ ನಡೆಯುವುದೂ ಮಕ್ಕಳ ಬೆಂಚುಗಳ ಮೇಲೆಯೇ. ಎಪ್ಪತ್ತು ದಾಟಿದವರು ಮೊಣಕಾಲು ಎದೆಗೆ ತಾಗುವ ಹಾಗೆ ಕುಳಿತಿರುತ್ತಾರೆ. ಗೋಡೆಯಲ್ಲಿ ಕ್ರೆಯಾನ್ ಬಳಿದ ನೋಹನ ನಾವೆ. ಅದರ ಕಿಟಕಿಯಿಂದ ಕತ್ತು ಹೊರಹಾಕಿದ ಹಸಿರು ಜಿರಾಫೆ. ಬರುವವರು ಹನ್ನೆರಡೋ ಹದಿನಾಲ್ಕೋ ಮಂದಿ. ಜೋರು ಮಳೆ ಬಂದರೆ ಏಳು.

ಒಂದು ಪ್ರಾರ್ಥನೆ, ಒಂದು ಸಂಗೀತ, ಆಮೇಲೆ ಅಧ್ಯಾಯ ಓದುವುದು. ಒಬ್ಬೊಬ್ಬರು ಒಂದೊಂದು ವಚನ. ಕೆಲವರ ಕೈಯಲ್ಲಿ ಅಂಚು ಸವೆದ ಹಳೆಯ ಸತ್ಯವೇದ, ಕೆಲವರದ್ದು ಮೊಬೈಲ್. ಎರಡರ ಭಾಷಾಂತರ ಬೇರೆ ಬೇರೆಯಾದ್ದರಿಂದ ಒಬ್ಬರು ಓದಿದ್ದನ್ನು ಇನ್ನೊಬ್ಬರು ‘ನನ್ನದರಲ್ಲಿ ಹಾಗಿಲ್ಲವಲ್ಲ’ ಎಂದು ತಡೆಯುವುದು ಮಾಮೂಲು. ಈ ತಡೆಯುವಿಕೆಯಿಂದಲೇ ಎಷ್ಟೋ ಸಲ ಒಳ್ಳೆಯ ಚರ್ಚೆ ಹುಟ್ಟಿದೆ.

ಬೀಡಿ ಕಟ್ಟುವ ಒಬ್ಬ ಅಕ್ಕ ಮಾತ್ರ ತಮ್ಮ ಸರದಿ ಬರಲು ಎರಡು ವಚನ ಇರುವಾಗಲೇ ನೀರು ಕುಡಿಯಲು ಎದ್ದು ಹೋಗುತ್ತಿದ್ದರು. ಅವರಿಗೆ ಓದಲು ಬರುವುದಿಲ್ಲ ಎನ್ನುವುದು ನಮಗೆ ಗೊತ್ತಾಗಲು ತಿಂಗಳುಗಳೇ ಬೇಕಾದವು. ಕೀರ್ತನೆಗಳು ಅವರಿಗೆ ಅಷ್ಟು ಬಾಯಿಪಾಠ! ಗೊತ್ತಾದ ಮೇಲೆ ಪಕ್ಕದಲ್ಲಿ ಕೂರುವವರು ವಚನವನ್ನು ಪಿಸುಗುಟ್ಟತೊಡಗಿದರು, ಅಕ್ಕ ಅದನ್ನು ಗಟ್ಟಿಯಾಗಿ ಹೇಳತೊಡಗಿದರು. ನೀರಿನ ಬಾಯಾರಿಕೆ ಅಲ್ಲಿಗೆ ನಿಂತಿತು.

ಹಿರಿಯರ ಕ್ಲಾಸು ಎಂಬುದು ಶುರುವಾದದ್ದೇ ಇಂಥವರಿಗಾಗಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1798ರಲ್ಲಿ ವಿಲಿಯಂ ಸಿಂಗಲ್‌ಟನ್ ಎಂಬವನು ಲೇಸ್ ಮತ್ತು ಕಾಲುಚೀಲದ ಕಾರ್ಖಾನೆಗಳ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆದ. ಕ್ವೇಕರ್ ಪಂಥದ ಅಂಗಡಿಕಾರ ಸ್ಯಾಮ್ಯುಯೆಲ್ ಫಾಕ್ಸ್ ಕೈಜೋಡಿಸಿದ. ಅಲ್ಲಿ ಬೈಬಲ್ ಧರ್ಮಗ್ರಂಥವೂ ಹೌದು, ಅಕ್ಷರ ಕಲಿಯುವ ಪುಸ್ತಕವೂ ಹೌದು.

ನಮ್ಮ ಕರಾವಳಿಯಲ್ಲಿ ಅಕ್ಷರದ ಜೊತೆಗೆ ಇನ್ನೊಂದು ತೊಡಕು ಇತ್ತು. ಮನೆಯ ಮಾತು ತುಳು, ಪುಸ್ತಕದ ಮಾತು ಕನ್ನಡ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಇದನ್ನು ಬೇಗ ಅರ್ಥಮಾಡಿಕೊಂಡರು. 1847ರಷ್ಟು ಹಿಂದೆಯೇ ಕನ್ನಡ ಲಿಪಿಯಲ್ಲಿ ತುಳುವಿನ ಹೊಸ ಒಡಂಬಡಿಕೆ ಅಚ್ಚಾಯಿತು. ಆದರೂ ನಮ್ಮ ಸಭೆಯಲ್ಲಿ ಆರಾಧನೆ ನಡೆಯುವುದು ಕನ್ನಡದಲ್ಲಿ, ಅದೂ ಅಡುಗೆಮನೆಯಲ್ಲಿ ಯಾರೂ ಆಡದ ಕನ್ನಡದಲ್ಲಿ. ಶುಕ್ರವಾರದ ಕ್ಲಾಸಿನಲ್ಲಿ ಓದು ಕನ್ನಡ, ವಾದ ತುಳು.

ಹಾಗೆಂದು ಆ ಹಳೆಯ ಪುಸ್ತಕದ ಕನ್ನಡವನ್ನು ನಾನು ಹಗುರ ಮಾಡಲಾರೆ. ಮೊದಲ ಐದು ಪುಸ್ತಕಗಳ ಹೆಸರು ನೋಡಿ: ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ. ರಾಮಾಯಣ ಕೇಳಿ ಬೆಳೆದ ಕಿವಿಗೆ ಕಾಂಡ ಎಂದರೆ ಸಾಕು, ಕಥೆ ದೊಡ್ಡದಿದೆ ಎಂದು ತಿಳಿಯುತ್ತದೆ. ಇಂಗ್ಲಿಷಿನವರು ‘ನಂಬರ್ಸ್’ ಎಂದು ಜನಗಣತಿಯ ಹೆಸರಿಟ್ಟ ಪುಸ್ತಕಕ್ಕೆ ನಮ್ಮಲ್ಲಿ ಅರಣ್ಯಕಾಂಡ ಎಂದು ಹೆಸರು. ಹೀಬ್ರೂ ಮೂಲದಲ್ಲೂ ಅದರ ಹೆಸರು ‘ಬೆಮಿದ್ಬಾರ್’, ಅಂದರೆ ಅಡವಿಯಲ್ಲಿ, ಮರುಭೂಮಿಯಲ್ಲಿ. ಇದನ್ನು ಹೇಳಿದ ದಿನ ಹಳೆಯ ಸತ್ಯವೇದ ಹಿಡಿದವರ ಮುಖದಲ್ಲಿ ಮೊಬೈಲಿನವರ ಎದುರು ಗೆದ್ದ ಕಳೆ ಇತ್ತು.

ನಾವೆಲ್ಲ ದೃಢೀಕರಣಕ್ಕೆ ಮೊದಲು ಪ್ರಶ್ನೋತ್ತರ ಬಾಯಿಪಾಠ ಮಾಡಿದವರು. ಲೂಥರ್ 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರದ ಮಾದರಿ ಅದು. ಅದರಲ್ಲಿ ಪ್ರಶ್ನೆಯೂ ಪುಸ್ತಕದ್ದೇ, ಉತ್ತರವೂ ಪುಸ್ತಕದ್ದೇ. ಹದಿನೈದರ ವಯಸ್ಸಿಗೆ ಅದು ಸರಿ. ಐವತ್ತರಲ್ಲಿ ಮನುಷ್ಯ ಬರುವುದು ತನ್ನದೇ ಪ್ರಶ್ನೆ ಹಿಡಿದುಕೊಂಡು: ಮಗ ಮಾತು ಬಿಟ್ಟಿದ್ದಾನೆ, ಸಾಲ ತೀರುತ್ತಿಲ್ಲ, ಡಯಾಲಿಸಿಸ್ ಶುರುವಾಗಿದೆ. ಅವರ ಕೈಗೆ ಬಿಟ್ಟ ಸ್ಥಳ ತುಂಬಿಸುವ ಹಾಳೆ ಕೊಟ್ಟರೆ ಮುಂದಿನ ವಾರ ಬರುವುದಿಲ್ಲ. ಹಿಂದೊಬ್ಬ ಸಭಾಪಾಲಕರು ಬೈಬಲ್ ಸ್ಟಡಿ ಎಂದರೆ ಭಾನುವಾರದ ಪ್ರಸಂಗದ ಎರಡನೇ ಕಂತು ಎಂದು ತಿಳಿದಿದ್ದರು. ಆಗ ನಾವು ನಾಲ್ಕು ಜನಕ್ಕೆ ಇಳಿದಿದ್ದೆವು, ಅದರಲ್ಲಿ ಒಬ್ಬರು ಬೀಗ ಹಾಕುವವರು. ಈಗಿನ ಅಯ್ಯನವರ ದೊಡ್ಡ ಗುಣ ಸುಮ್ಮನಿರುವುದು. ಅದನ್ನು ಸೆಮಿನರಿಯಲ್ಲಿ ಕಲಿಸುತ್ತಾರೋ ಇಲ್ಲವೋ.

ಕಳೆದ ಮಳೆಗಾಲದ ಒಂದು ಶುಕ್ರವಾರ ಮತ್ತಾಯನ ಇಪ್ಪತ್ತನೇ ಅಧ್ಯಾಯ. ದ್ರಾಕ್ಷಿತೋಟದ ಯಜಮಾನ ಬೆಳಗ್ಗೆಯೇ ಪೇಟೆಗೆ ಹೋಗಿ ದಿನಕ್ಕೆ ಒಂದು ದೆನಾರಿ ಎಂದು ಕೂಲಿ ಗೊತ್ತುಮಾಡುತ್ತಾನೆ. ಆ ಕಾಲದಲ್ಲಿ ಒಂದು ದಿನದ ದುಡಿಮೆಗೆ ಅದು ಸರಿಯಾದ ಸಂಬಳ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗಿ ಜನ ಕರೆತರುತ್ತಾನೆ. ಕೊನೆಗೆ ಹನ್ನೊಂದನೇ ತಾಸಿಗೂ ಹೋಗುತ್ತಾನೆ. ಸೂರ್ಯೋದಯದಿಂದ ಎಣಿಸುವ ಲೆಕ್ಕದಲ್ಲಿ ಅದು ಸಂಜೆ ಐದು. ಕತ್ತಲಾದಾಗ ಎಲ್ಲರಿಗೂ ಒಂದೇ ಕೂಲಿ.

ಹಂಚಿನ ಕಾರ್ಖಾನೆಯಿಂದ ನಿವೃತ್ತರಾದ ಮಾಮ ಪುಸ್ತಕ ಮುಚ್ಚಿಯೇಬಿಟ್ಟರು. ಈ ಊರಿನಲ್ಲಿ ಹಂಚು ಮತ್ತು ಸಭೆ ಹಳೆಯ ನೆಂಟರು; ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ತನ್ನ ಕಾರ್ಖಾನೆ ತೆರೆದದ್ದು 1865ರಲ್ಲಿ. “ಇದು ಅನ್ಯಾಯ ಅಯ್ಯನವರೇ. ಇಡೀ ದಿನ ಬಿಸಿಲಲ್ಲಿ ಬೆಂದವನಿಗೂ ಅಷ್ಟೇ, ಒಂದು ಗಂಟೆ ಕೈಯಾಡಿಸಿದವನಿಗೂ ಅಷ್ಟೇ ಅಂದ್ರೆ ನಾಳೆ ಬೆಳಗ್ಗೆ ಕೆಲಸಕ್ಕೆ ಯಾರು ಬರ್ತಾರೆ?” ಬ್ಯಾಂಕಿನ ಯುವಕನೊಬ್ಬ ಕೃಪೆ, ರಕ್ಷಣೆ ಎಂದು ಏನೋ ಹೇಳಹೊರಟ. ಮಾಮ ಕೇಳಲಿಲ್ಲ. “ಅದೆಲ್ಲ ಆಮೇಲೆ. ಮೊದಲು ಕೂಲಿಯ ಲೆಕ್ಕ ಹೇಳು.”

ಬೀಡಿಯ ಅಕ್ಕನ ಲೆಕ್ಕ ಬೇರೆಯಿತ್ತು. ಅವರದ್ದು ಸಾವಿರಕ್ಕೆ ಇಷ್ಟು ಎಂಬ ಕೂಲಿ. ಬ್ರಾಂಚಿಗೆ ಒಯ್ದರೆ ಒಂದಿಷ್ಟು ಬೀಡಿ ಸರಿಯಿಲ್ಲ ಎಂದು ಪಕ್ಕಕ್ಕೆ ಸರಿಸುತ್ತಾರೆ, ಅದರ ದುಡ್ಡು ಹೋಯಿತು. ಎಲೆ ಕೊಡದ ದಿನ ಮನೆಯಲ್ಲೇ. ಅವರು ತುಳುವಿನಲ್ಲಿ ಮೆಲ್ಲಗೆ ಹೇಳಿದ್ದರ ತಾತ್ಪರ್ಯ ಇಷ್ಟು: ಐದು ಗಂಟೆಯವರು ಸೋಮಾರಿಗಳಲ್ಲ, ಯಾರೂ ಕರೆಯಲಿಲ್ಲ ಎಂದು ಅವರೇ ಹೇಳುತ್ತಾರಲ್ಲ. ಕರೆಯುತ್ತಾರೋ ಇಲ್ಲವೋ ಎಂದು ಬೆಳಗ್ಗಿನಿಂದ ನಿಂತಿರುವುದು ಕೆಲಸಕ್ಕಿಂತ ಕಷ್ಟ. ಅಕ್ಕಿಯಂತೂ ಅವರ ಮನೆಗೂ ಅಷ್ಟೇ ಬೇಕು.

ಮಾಮ ಏನೂ ಹೇಳಲಿಲ್ಲ. ಅಯ್ಯನವರು ಮುಗಿಸುವ ಪ್ರಾರ್ಥನೆಗೆ ಎದ್ದರು. ಅಷ್ಟರಲ್ಲಿ ಅಕ್ಕ ಮತ್ತೆ ಕೇಳಿದರು: “ಆದ್ರೆ ಅಯ್ಯನವರೇ, ಆ ಯಜಮಾನ ಕೊನೆಗೆ ಬಂದವರಿಗೆ ಮೊದಲು ಕೂಲಿ ಕೊಡಿಸಿದ್ದು ಯಾಕೆ? ಬೆಳಗ್ಗಿನವರಿಗೆ ಮೊದಲು ಕೊಟ್ಟು ಕಳಿಸಿದ್ರೆ ಅವರಿಗೆ ಗೊತ್ತೇ ಆಗ್ತಿರಲಿಲ್ಲ, ಜಗಳವೂ ಇರಲಿಲ್ಲ. ಅವರು ನೋಡ್ಲಿ ಅಂತಲೇ ಮಾಡಿದ್ದಾ?”

ಅಯ್ಯನವರು ಪುಸ್ತಕ ತೆರೆದು ಎಂಟನೇ ವಚನದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು. ಮುಂದಿನ ಶುಕ್ರವಾರಕ್ಕೆಂದು ಬೋರ್ಡಿನಲ್ಲಿ ಆಗಲೇ 21 ಎಂದು ಬರೆದಿತ್ತು. ಅದನ್ನು ಅಂಗೈಯಿಂದ ಒರೆಸಿ ಮತ್ತೆ 20 ಎಂದು ಬರೆದರು.